ಹಾರ್ಮೋನಿಯಂ ಮೇಷ್ಟ್ರಿಂದ ಮಿಡಿ ಡ್ರೈವರ್‌ವರೆಗೆ: ಲೆಕ್ಕ ಇಟ್ಕೊಂಡೋರು ಯಾರು?

(1/8)

ನಮ್ಮ ಜಿಲ್ಲೆಯವರಿಗೆ ಇದನ್ನ ಹೇಳಬೇಕಾಗಿಲ್ಲ. ಸುಗ್ಗಿ ಮುಗಿದು ಹಬ್ಬ ಜಾತ್ರೆ ಶುರುವಾದ್ರೆ ಗುಬ್ಬಿ, ಕುಣಿಗಲ್ ಕಡೆ ಊರೂರಲ್ಲೂ ಕುರುಕ್ಷೇತ್ರ ನಾಟಕದ ಬ್ಯಾನರ್ ಬೀಳುತ್ತೆ. ದುಡ್ಡು ಇಸ್ಕೊಂಡು ಪಾರ್ಟು ಮಾಡೋ ಪದ್ಧತಿ ಅಲ್ಲ ನಮ್ದು, ದುಡ್ಡು ಕೊಟ್ಟು ಪಾರ್ಟು ಮಾಡೋದು. ಕೃಷ್ಣನಿಗೆ ಇಷ್ಟು, ದುರ್ಯೋಧನನಿಗೆ ಇಷ್ಟು ಅಂತ ಲೆಕ್ಕ. ಹಗಲು ತೆಂಗಿನ ತೋಟದ ಕೆಲಸ, ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ತಾಲೀಮು, ಹೀಗೆ ತಿಂಗಳುಗಟ್ಟಲೆ. ಅಂಥವರೊಬ್ಬರು ರಾತ್ರಿ ಎರಡು ಗಂಟೆಗೆ ಗದೆ ಹೆಗಲಿಗಿಟ್ಟು ಪದ್ಯ ಎತ್ತಿದಾಗ, ಪಕ್ಕದಲ್ಲಿರೋ ಕೀಬೋರ್ಡಿನ ಒಂದು ಸ್ವರ ನಿಲ್ಲದೇ ಹೋದ್ರೆ? ಬಾರಿಸೋನು ಕೈ ಎತ್ತಿದಾನೆ, ಶಬ್ದ ಮಾತ್ರ 'ಝೂಂ' ಅಂತ ಹೊಡ್ಕೊಳ್ತಾನೇ ಇದೆ. ಅದೂ ಬೇರೆ ಶ್ರುತೀಲಿ!

ಕೀಬೋರ್ಡನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಶಬ್ದವನ್ನ ಲ್ಯಾಪ್‌ಟಾಪಿಂದ ಬರಿಸೋ ಆರ್ಕೆಸ್ಟ್ರಾ ಹುಡುಗರಿಗೆ ಈ ಭೂತ ಚೆನ್ನಾಗಿ ಪರಿಚಯ. ಸ್ಟಕ್ ನೋಟ್ ಅಂತಾರೆ. ಅದು ಯಾಕೆ ಬರುತ್ತೆ, ಬರದ ಹಾಗೆ ಕಂಪ್ಯೂಟರಿನೊಳಗೆ ಯಾರು ಲೆಕ್ಕ ಇಟ್ಕೊಂಡು ಕೂತಿರ್ತಾರೆ ಅನ್ನೋದೇ ಈ ಸಲದ ಇತಿಹಾಸ ಸರಣಿ. ಬಿಕಾಂ ಓದೋನಿಗೆ ಇದೆಲ್ಲ ಯಾಕೆ ಅಂತ ಕ್ಲಾಸಲ್ಲಿ ಕೇಳಿದ್ರಿ. ಮೂರನೇ ಭಾಗದ ತನಕ ತಡ್ಕೊಳ್ಳಿ, ಇದು ಪೂರ್ತಿ ಅಕೌಂಟ್ಸೇ.

(2/8)

ಮೊದಲು ಪೆಟ್ಟಿಗೆ ವಿಷಯ. ಹಾರ್ಮೋನಿಯಂಗೆ ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ಡೆಬೈನ್ ಪೇಟೆಂಟ್ ತಗೊಂಡಿದ್ದು 1842ರಲ್ಲಿ. ಕಾಲಲ್ಲಿ ತುಳಿಯೋ ಆ ದೊಡ್ಡ ವಾದ್ಯವನ್ನ ನೆಲದ ಮೇಲೆ ಕೂತು ಒಂದು ಕೈಲಿ ತಿದಿ ಒತ್ತಿ ಬಾರಿಸೋ ಹಾಗೆ ಮಾಡಿದ್ದು ಕಲ್ಕತ್ತದ ದ್ವಾರಕಾನಾಥ ಘೋಷ್, 1875ರ ಸುಮಾರಿಗೆ. ಅದಾಗಿ ಹತ್ತು ವರ್ಷ ಕಳೆಯೋ ಮೊದಲೇ, 1884ರಲ್ಲಿ, ತುಮಕೂರಿಂದ ಸುಮಾರು 20 ಕಿಲೋಮೀಟರ್ ದೂರದ ಗುಬ್ಬೀಲಿ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿತು. ಮುಂದೆ ಗುಬ್ಬಿ ವೀರಣ್ಣನವರ ಕೈಲಿ ಇಡೀ ಕರ್ನಾಟಕ ನೋಡಿದ 'ಗುಬ್ಬಿ ಕಂಪನಿ' ಅದೇ. ರಾಜ್‌ಕುಮಾರ್, ಜಿ.ವಿ. ಅಯ್ಯರ್, ಬಿ.ವಿ. ಕಾರಂತ ಎಲ್ಲ ಆ ಕಂಪನಿಯ ಅನ್ನ ಉಂಡವರು. ಹುಡುಗನಾಗಿದ್ದಾಗ ಓಡಿಬಂದು ಸೇರಿದ ಕಾರಂತರು ಮುಂದೆ ಕನ್ನಡ ರಂಗಸಂಗೀತವನ್ನೇ ಬದಲಾಯಿಸಿದರು ಅನ್ನೋದು ನೆನಪಿರಲಿ.

ಕಂಪನಿ ನಾಟಕಕ್ಕೆ ಹಾರ್ಮೋನಿಯಂ ಅಂದ್ರೆ ಬೆನ್ನುಮೂಳೆ. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂಗೆ ಬಾಗಿಲು ಹಾಕಿತ್ತು, ಗಮಕ ನುಡಿಯಲ್ಲ, ನಮ್ಮ ಶ್ರುತಿಗೆ ಹೊಂದಲ್ಲ ಅಂತ. ನಾಟಕದವರು ಅದಕ್ಕೆ ಕಿವಿಗೊಡಲಿಲ್ಲ. ಮೈಕ್ ಇಲ್ಲದ ಕಾಲದಲ್ಲಿ ಟೆಂಟಿನ ಕೊನೇ ಸಾಲಿಗೂ ಶ್ರುತಿ ಮುಟ್ಟಿಸೋ ವಾದ್ಯ ಬೇರೆ ಯಾವುದಿತ್ತು?

ಈಗ ಆ ಪೆಟ್ಟಿಗೆಯನ್ನ ಒಂದು ಸಲ ಗಮನಿಸಿ ನೋಡಿ. ಮುಂದೆ ಗುಂಡಿಗಳಿವೆ. ಯಾವ ಗುಂಡಿ ಎಳೆದಿದೆಯೋ ಅಷ್ಟು ರೀಡಿಗೆ ಗಾಳಿ. ಯಾವುದು ತೆರೆದಿದೆ, ಯಾವುದು ಮುಚ್ಚಿದೆ ಅಂತ ಕಣ್ಣಿಗೇ ಕಾಣುತ್ತೆ. ಮನೆ ಮೇಲಿಂದ ಬೆರಳು ತೆಗೆದ್ರೆ ಸ್ಪ್ರಿಂಗ್ ಮನೆಯನ್ನ ಎತ್ತುತ್ತೆ, ಸ್ವರ ನಿಂತಿತು. ಧೂಳು ಕೂತು ಮನೆ ಅಂಟ್ಕೊಂಡ್ರೂ ಚಿಂತೆ ಇಲ್ಲ, ತಿದಿ ಒತ್ತೋದು ನಿಲ್ಲಿಸಿದ್ರೆ ಮೌನ. ಅಂದ್ರೆ ವಾದ್ಯ ಈ ಕ್ಷಣ ಯಾವ ಸ್ಥಿತೀಲಿದೆ ಅನ್ನೋದು ಮರದಲ್ಲೇ ಇದೆ, ಬೇರೆ ಯಾರೂ ಬರೆದಿಟ್ಕೊಳ್ಳಬೇಕಾಗಿಲ್ಲ. ಬರೆಯದೆ ನೆನಪಿಟ್ಕೊಳ್ಳೋದು ಏನಾದ್ರೂ ಇದ್ರೆ ಅದು ಮೇಷ್ಟ್ರ ತಲೇಲಿ: ಶಕುನಿಗೆ ಕರಿ ಒಂದು, ದ್ರೌಪದಿಗೆ ಬಿಳಿ ನಾಲ್ಕು, ಭೀಮನಿಗೆ ಇವತ್ತು ಗಂಟಲು ಕೆಟ್ಟಿದೆ, ಅರ್ಧ ಮನೆ ಇಳಿಸಬೇಕು. ಅಂಥ ಮೇಷ್ಟ್ರು ನಮ್ಮ ತಾಲ್ಲೂಕುಗಳಲ್ಲಿ ಈಗಲೂ ಇದಾರೆ.

(3/8)

ಬಾರಿಸೋ ಕೈ ಒಂದು ಕಡೆ, ಶಬ್ದ ಹುಟ್ಟೋದು ಇನ್ನೊಂದು ಕಡೆ ಅಂತ ಆದಾಗ ತಲೆನೋವು ಶುರು.

1970ರ ದಶಕದ ಕೊನೆಗೆ ಸಿಂಥಸೈಜರ್‌ಗಳು ಬಂದಿದ್ವು. ಬೆಂಗಳೂರಲ್ಲೇ 1979ರ ಹೊತ್ತಿಗೆ ಇಂಜಿನಿಯರೂ ಕೊಳಲು ವಾದಕರೂ ಆದ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಮಾಡಿ ರೇಡೆಲ್ ಶುರು ಮಾಡಿದ್ರು. ಶ್ರುತಿಪೆಟ್ಟಿಗೆ ಒಂಟಿಯಾಗಿ ಕೆಲಸ ಮಾಡುತ್ತೆ, ತೊಂದರೆ ಇಲ್ಲ. ಆದ್ರೆ ಅಮೆರಿಕ, ಜಪಾನಲ್ಲಿ ಒಬ್ಬನೇ ನಾಲ್ಕು ಕೀಬೋರ್ಡ್ ಇಟ್ಕೊಂಡು, ಒಂದರಲ್ಲಿ ಬಾರಿಸಿದ್ದು ಇನ್ನೊಂದರಲ್ಲೂ ನುಡೀಬೇಕು ಅಂತ ಬಯಸ್ತಿದ್ದ. ಕಂಪನಿಗೊಂದು ಭಾಷೆ, ಒಂದರ ಮಾತು ಇನ್ನೊಂದಕ್ಕೆ ತಿಳೀತಿರಲಿಲ್ಲ. ರೋಲ್ಯಾಂಡ್ ಕಂಪನಿಯ ಇಕುತಾರೊ ಕಾಕೆಹಾಶಿ, ಸೀಕ್ವೆನ್ಷಿಯಲ್ ಸರ್ಕ್ಯೂಟ್ಸ್‌ನ ಡೇವ್ ಸ್ಮಿತ್ ಮುಂದೆ ನಿಂತು, ಪೈಪೋಟಿಯ ಕಂಪನಿಗಳನ್ನೆಲ್ಲ ಒಂದೇ ಭಾಷೆಗೆ ಒಪ್ಪಿಸಿದ್ರು. 1983ರ ಜನವರೀಲಿ ಅಮೆರಿಕದ ಒಂದು ಮೇಳದಲ್ಲಿ ಸೀಕ್ವೆನ್ಷಿಯಲ್‌ನ ಪ್ರಾಫೆಟ್-600 ಮತ್ತು ರೋಲ್ಯಾಂಡಿನ ಜುಪಿಟರ್-6 ಒಂದೇ ತಂತೀಲಿ ಮಾತಾಡಿದ್ವು. ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ ಡಿಜಿಟಲ್ ಇಂಟರ್‌ಫೇಸ್, ಚಿಕ್ಕದಾಗಿ ಮಿಡಿ. (ಉಪ್ಪಿನಕಾಯಿ ಮಿಡಿ ಅಲ್ಲ. ಆದ್ರೆ ತಂತಿ ಮಿಡಿಯೋದು ಅಂತೀವಲ್ಲ, ಆ ಅರ್ಥಕ್ಕೆ ಈ ಹೆಸರು ಕನ್ನಡದಲ್ಲೇ ಚೆನ್ನಾಗಿ ಕೂರುತ್ತೆ.) ಇದಕ್ಕೇ ಇಬ್ಬರಿಗೂ 2013ರಲ್ಲಿ ಟೆಕ್ನಿಕಲ್ ಗ್ರ್ಯಾಮಿ ಸಿಕ್ತು.

ಈಗ ಬಿಕಾಂ ಬುದ್ಧಿ ಉಪಯೋಗಿಸಿ. ಮಿಡಿ ತಂತೀಲಿ ಶಬ್ದ ಹರಿಯಲ್ಲ, ಸುದ್ದಿ ಹರಿಯುತ್ತೆ. '60ನೇ ಸ್ವರ ಒತ್ತಿದೆ.' '60ನೇ ಸ್ವರ ಬಿಟ್ಟೆ.' '7ನೇ ಕಂಟ್ರೋಲರ್, ಅಂದ್ರೆ ವಾಲ್ಯೂಮ್, ಈಗ 100.' ಒಂದೊಂದೂ ಒಂದು ಜರ್ನಲ್ ಎಂಟ್ರಿ. ವ್ಯವಹಾರ ಆದ ತಕ್ಷಣ ಒಂದು ಸಾಲು, ಅಷ್ಟೇ. ಲೆಡ್ಜರ್ ಇಲ್ಲ, ಬ್ಯಾಲೆನ್ಸ್ ಇಲ್ಲ. ಈಗ ವಾಲ್ಯೂಮ್ ಎಷ್ಟಿದೆ ಅಂತ ತಂತೀನ ಕೇಳಿದ್ರೆ ಅದಕ್ಕೆ ಗೊತ್ತಿಲ್ಲ. ಒಂದು ಎಂಟ್ರಿ ದಾರೀಲಿ ಕಳೆದುಹೋದ್ರೆ, ಸಸ್ಪೆನ್ಸ್ ಅಕೌಂಟ್ ತೆರೆಯೋರೂ ಯಾರಿಲ್ಲ. 'ಒತ್ತಿದೆ' ಬಂತು, 'ಬಿಟ್ಟೆ' ಬರಲಿಲ್ಲ. ಕೇಳೋ ಕಡೆಯವನ ಪ್ರಕಾರ ಕೀ ಇನ್ನೂ ಒತ್ತೇ ಇದೆ. ಝೂಂ.

(4/8)

ತಂತಿಯ ವೇಗ ಸೆಕೆಂಡಿಗೆ 31,250 ಬಿಟ್. ಪ್ರತಿ ಬೈಟಿಗೂ ಮುಂದೊಂದು ಹಿಂದೊಂದು ಬಿಟ್ ಸೇರಿ 10 ಆಗೋದ್ರಿಂದ ಸೆಕೆಂಡಿಗೆ 3,125 ಬೈಟ್. ಒಂದು ಸ್ವರದ ಸುದ್ದಿ ಮೂರು ಬೈಟ್, ಅಂದ್ರೆ ಹೆಚ್ಚುಕಮ್ಮಿ ಒಂದು ಮಿಲಿಸೆಕೆಂಡ್. ಚಾನೆಲ್ 16, ಸ್ವರ 128, ಕಂಟ್ರೋಲರ್ ನಂಬರೂ 0ರಿಂದ 127.

ಇಷ್ಟು ಸಣ್ಣ ಪೈಪಲ್ಲಿ ಜಾಗ ಉಳಿಸೋಕೆ ಒಂದು ಉಪಾಯ ಮಾಡಿದ್ರು, ರನ್ನಿಂಗ್ ಸ್ಟೇಟಸ್ ಅಂತ. ಹಿಂದಿನ ಸುದ್ದಿಯ ಜಾತೀನೇ ಮುಂದಿನದೂ ಆದ್ರೆ ಮೊದಲ ಬೈಟ್ ಕಳಿಸಬೇಡಿ, ಉಳಿದ ಎರಡು ಸಾಕು. ನಾವು ಅಕೌಂಟ್ಸಲ್ಲಿ ಮೇಲಿನ ಸಾಲಿನದೇ ಅಂತ ಎರಡು ಗೀಟು ಹಾಕ್ತೀವಲ್ಲ, ಹಾಗೆ. ಆದ್ರೆ ಗೀಟಿಗೆ ಅರ್ಥ ಬರಬೇಕಾದ್ರೆ ಮೇಲಿನ ಸಾಲು ನೆನಪಿರಬೇಕು. ಕೇಳೋನು ಸ್ಥಿತಿ ನೆನಪಿಟ್ಕೊಳ್ಳಲೇಬೇಕು ಅನ್ನೋ ಷರತ್ತು ಮಿಡಿಯ ಹುಟ್ಟಿನಲ್ಲೇ ಇತ್ತು.

ಕಂಟ್ರೋಲರುಗಳ ಕಥೆ ಇನ್ನೂ ಗೋಜಲು. 64ನೇದು ಸಸ್ಟೇನ್ ಪೆಡಲ್: 63ರ ತನಕ ಬಿಟ್ಟಿದೆ, 64ರಿಂದ ಮೇಲೆ ಒತ್ತಿದೆ. ಪೆಡಲ್ ಒತ್ತಿರೋವಾಗ ಕೀ ಬಿಟ್ಟರೂ ಸ್ವರ ನಿಲ್ಲಬಾರದು, ಪೆಡಲ್ ಬಿಟ್ಟಾಗ ನಿಲ್ಲಬೇಕು. ಪೆಡಲ್ ಬಿಟ್ಟ ಒಂದೇ ಒಂದು ಸುದ್ದಿ ತಪ್ಪಿದ್ರೆ ಅವತ್ತಿಂದ ಬಾರಿಸಿದ್ದೆಲ್ಲ ಒಂದರ ಮೇಲೊಂದು ಪೇರಿಸ್ಕೊಂಡು ಹೋಗುತ್ತೆ.

ನಮ್ಮ ಸಂಗೀತಕ್ಕೆ ಹೆಚ್ಚು ಪೆಟ್ಟು ಬೀಳೋದು ಪಿಚ್ ಬೆಂಡಲ್ಲಿ. ಕೀಬೋರ್ಡಿನ ಎಡಗಡೆ ಒಂದು ಚಕ್ರ ಇರುತ್ತೆ ನೋಡಿ, ಸ್ವರವನ್ನ ಎಳೆಯೋಕೆ. ಕುಣಿಗಲ್ ಕೆರೆಯ ಜನಪದ ಗೀತೆಯನ್ನ ಆರ್ಕೆಸ್ಟ್ರಾದಲ್ಲಿ ಕೊಳಲಿನ ಶಬ್ದ ಇಟ್ಟು ನುಡಿಸೋವಾಗ ಜಾರು ಕೊಡೋದು ಅದರಿಂದಲೇ. ಆಕಾಶವಾಣಿ ಹಾರ್ಮೋನಿಯಂಗೆ ಬರಲ್ಲ ಅಂದಿದ್ದು ಇದೇ ಕೆಲಸ! ಚಕ್ರ ಕಳಿಸೋದು 0ರಿಂದ 16,383ರ ತನಕ ಒಂದು ಸಂಖ್ಯೆ, ಮಧ್ಯ 8,192. ಆ ಸಂಖ್ಯೆ ಎಷ್ಟು ಮನೆ ಎಳೆಯುತ್ತೆ ಅನ್ನೋದು ಬೇರೆ ಸೆಟ್ಟಿಂಗ್. ಮೊದಲು 101, 100ನೇ ಕಂಟ್ರೋಲರಲ್ಲಿ 'ಬೆಂಡಿನ ವ್ಯಾಪ್ತಿ ಬಗ್ಗೆ ಮಾತಾಡ್ತಿದೀನಿ' ಅಂತ ಹೇಳಬೇಕು, ಆಮೇಲೆ 6ನೇದರಲ್ಲಿ ಎಷ್ಟು ಅಂತ. ಸಾಮಾನ್ಯವಾಗಿ ಎರಡು ಸೆಮಿಟೋನ್ ಇರುತ್ತೆ. ಜಾರಿಗೋಸ್ಕರ 12 ಮಾಡ್ಕೊಂಡಿದ್ದವನ ಸಿಂಥ್ ಕರೆಂಟು ಹೋಗಿ ಬಂದು ಮತ್ತೆ 2ಕ್ಕೆ ಕೂತಿದ್ರೆ, ಅದೇ ಬೆರಳು, ಅದೇ ಚಕ್ರ, ಷಡ್ಜದಿಂದ ಮೇಲಿನ ಷಡ್ಜಕ್ಕೆ ಹೋಗಬೇಕಾದ್ದು ರಿಷಭದಲ್ಲೇ ನಿಂತುಬಿಡುತ್ತೆ. ಚಕ್ರ ಸುಳ್ಳು ಹೇಳಿಲ್ಲ. ಇಬ್ಬರ ಪುಸ್ತಕದಲ್ಲಿ ಬ್ಯಾಲೆನ್ಸ್ ಬೇರೆ ಬೇರೆ ಇದೆ, ಅಷ್ಟೇ.

(5/8)

ಪುಸ್ತಕ ಹಾಳಾದ್ರೆ ಸರಿಮಾಡೋಕೆ ಮಿಡಿಯವರು ಕೆಲವು ತುರ್ತು ಸುದ್ದಿಗಳನ್ನ ಇಟ್ಟಿದಾರೆ. 120: ಎಲ್ಲ ಶಬ್ದ ಬಂದ್. 121: ಎಲ್ಲ ಕಂಟ್ರೋಲರೂ ಮೊದಲ ಸ್ಥಿತಿಗೆ. 123: ಎಲ್ಲ ಸ್ವರ ಬಿಡಿ. ಜೊತೆಗೆ ಆಕ್ಟಿವ್ ಸೆನ್ಸಿಂಗ್ ಅಂತ ಒಂದು ಬೈಟಿನ ಸುದ್ದಿ. ಏನೂ ಬಾರಿಸದಿದ್ರೂ 'ಇದೀನಿ, ಇದೀನಿ' ಅಂತ ಹೇಳ್ತಾ ಇರೋದು. ಒಮ್ಮೆ ಹೇಳೋಕೆ ಶುರು ಮಾಡಿ ಆಮೇಲೆ 300 ಮಿಲಿಸೆಕೆಂಡ್ ಸದ್ದೇ ಇಲ್ಲ ಅಂದ್ರೆ ತಂತಿ ಕಿತ್ತುಹೋಗಿದೆ ಅಂತ ತಿಳ್ಕೊಂಡು ಕೇಳೋನು ಎಲ್ಲ ಸ್ವರ ನಿಲ್ಲಿಸ್ತಾನೆ. ಇದನ್ನ ಕಳಿಸಲೇಬೇಕು ಅಂತ ಕಡ್ಡಾಯ ಮಾತ್ರ ಇಲ್ಲ.

121ರದ್ದು ಒಂದು ತಮಾಷೆ. 'ಮೊದಲ ಸ್ಥಿತಿ' ಅಂದ್ರೆ ಯಾವುದು? ವಾಲ್ಯೂಮ್‌ನೂ ಬದಲಿಸಬೇಕಾ? ಒಂದೊಂದು ಕಂಪನಿ ಒಂದೊಂದು ಥರ ಅರ್ಥ ಮಾಡ್ಕೊಂಡ್ವು. ಆಮೇಲೆ ಸಂಘದವರು ಕೂತು, 121 ಬಂದಾಗ ವಾಲ್ಯೂಮ್, ಪ್ಯಾನ್ ಇಂಥವನ್ನ ಮುಟ್ಟಬೇಡಿ ಅಂತ ಶಿಫಾರಸು ಬರೆದ್ರು. ಹೊಸ ವರ್ಷಕ್ಕೆ ಯಾವ ಖಾತೆ ಮುಚ್ಚಬೇಕು, ಯಾವ ಬ್ಯಾಲೆನ್ಸ್ ಮುಂದಕ್ಕೆ ಹಾಕ್ಕೋಬೇಕು ಅನ್ನೋ ಪ್ರಶ್ನೆ ಇದ್ದ ಹಾಗೇ ಇದು.

(6/8)

ಇಲ್ಲಿಂದ ಕಂಪ್ಯೂಟರ್. ರೋಲ್ಯಾಂಡ್ 1984ರಲ್ಲಿ ಎಂಪಿಯು-401 ಅನ್ನೋ ಪೆಟ್ಟಿಗೆ ತಂದು ಪರ್ಸನಲ್ ಕಂಪ್ಯೂಟರಿಗೆ ಮಿಡಿ ಕಿವಿ ಕೊಡ್ತು. 1985ರ ಅಟಾರಿ ಎಸ್‌ಟಿ ಕಂಪ್ಯೂಟರಲ್ಲಿ ಮಿಡಿ ಕಿಂಡಿ ಹುಟ್ಟುತ್ತಲೇ ಇತ್ತು.

ಕಂಪ್ಯೂಟರು ಬಂದ ಮೇಲೆ ಮಧ್ಯವರ್ತಿ ಬೇಕಾಯ್ತು. ಹಾಡು ಜೋಡಿಸೋ ಸಾಫ್ಟ್‌ವೇರ್ ಒಂದು ಕಡೆ, ಯಂತ್ರ ಇನ್ನೊಂದು ಕಡೆ, ಮಧ್ಯೆ ಆಪರೇಟಿಂಗ್ ಸಿಸ್ಟಮ್ಮಿನ ಡ್ರೈವರ್. ನೀವು ಹಾಡಿನ ಮಧ್ಯೆ ಸ್ಟಾಪ್ ಒತ್ತಿದ್ರಿ ಅನ್ಕೊಳ್ಳಿ. ಸಾಫ್ಟ್‌ವೇರ್ ನಿಂತಿತು. ಆದ್ರೆ ಅದಾಗಲೇ 'ಒತ್ತಿದೆ' ಅಂತ ಕಳಿಸಿರೋ ಸ್ವರಗಳ ಗತಿ? 'ಬಿಟ್ಟೆ' ಹೇಳೋರು ಯಾರು?

ವಿಂಡೋಸ್ ಇದಕ್ಕೆ ಕೊಟ್ಟ ಉತ್ತರ ಮಿಡಿ-ಔಟ್-ರೀಸೆಟ್ ಅನ್ನೋ ಆಜ್ಞೆ. ಪ್ರತಿ ಚಾನೆಲ್ಲಿನ ಪ್ರತಿ ಸ್ವರಕ್ಕೂ 'ಬಿಟ್ಟೆ' ಕಳಿಸೋದು, ಜೊತೆಗೆ ಸಸ್ಟೇನ್ ಆಫ್. ಯಾವುದು ಒತ್ತಿತ್ತು ಅಂತ ಲೆಕ್ಕ ಇಲ್ಲದಿದ್ರೂ ನಡೆಯುತ್ತೆ, ಎಲ್ಲರನ್ನೂ ಎದ್ದು ನಿಲ್ಲಿಸಿ ಕೂರಿಸೋ ಮೇಷ್ಟ್ರ ಥರ. ಗುಣಿಸಿ ನೋಡಿ. 16 × 128 = 2,048 ಸುದ್ದಿ. ಮೂರು ಬೈಟಿನಂತೆ 6,144 ಬೈಟ್. ಹಳೇ ಐದು ಪಿನ್ನಿನ ತಂತೀಲಿ ಇದು ಹರಿಯೋಕೆ ಸುಮಾರು 1.97 ಸೆಕೆಂಡ್! ರನ್ನಿಂಗ್ ಸ್ಟೇಟಸ್ ಬಳಸಿ ಹಿಂಡಿದ್ರೂ 1.3 ಸೆಕೆಂಡ್. ನಾಟಕದ ರಂಗದ ಮೇಲೆ ಎರಡು ಸೆಕೆಂಡ್ ಅಂದ್ರೆ ಎಷ್ಟು ಅಂತ ಒಂದು ಸಲ ನಿಂತವರನ್ನ ಕೇಳಿ. ಲೆಡ್ಜರ್ ಇದ್ದಿದ್ರೆ? ಒತ್ತಿರೋ ನಾಲ್ಕು ಸ್ವರಕ್ಕೆ ನಾಲ್ಕು ಸುದ್ದಿ, ನಾಲ್ಕು ಮಿಲಿಸೆಕೆಂಡ್.

(7/8)

ಆ ಲೆಡ್ಜರನ್ನ ಕಣ್ಣಾರೆ ನೋಡಬೇಕು ಅಂದ್ರೆ ಲಿನಕ್ಸಿಗೆ ಹೋಗಬೇಕು, ಯಾಕಂದ್ರೆ ಅದರ ಒಳಗು ಎಲ್ಲರಿಗೂ ತೆರೆದಿದೆ. ಅಲ್ಸಾ ಅನ್ನೋ ಅದರ ಶಬ್ದ ವಿಭಾಗವನ್ನ 1998ರಲ್ಲಿ ಶುರು ಮಾಡಿದ್ದು ಜೆಕ್ ದೇಶದ ಯಾರೊಸ್ಲಾವ್ ಕಿಸೇಲಾ. ಅದರೊಳಗೆ 1999ರಲ್ಲಿ ಸ್ಟೀವ್ ರ್‍ಯಾಟ್‌ಕ್ಲಿಫ್ ಬರೆದ ಒಂದು ಕಡತ ಇದೆ, ಮಿಡಿ ಎಮ್ಯುಲೇಷನ್ನಿಗೆ ಅಂತ. ತಕಾಶಿ ಇವಾಯಿ ಮೊದಲು ಬರೆದಿದ್ದ ಡ್ರೈವರೊಂದರ ಆಧಾರದ ಮೇಲೆ ಮಾಡಿದ್ದು. ನನಗೆ ಸಿ ಭಾಷೆ ಬರೋದು ಅಷ್ಟಕ್ಕಷ್ಟೆ, ಆದ್ರೂ ಆ ಕಡತ ಓದಿದ್ರೆ ತಿಳಿಯುತ್ತೆ. ನೀವೂ ಓದಬಹುದು.

ಅದು ಬೇಕಾಗಿದ್ದು ಯಾಕೆ ಅಂದ್ರೆ, ಆಗಿನ ಸೌಂಡ್ ಬ್ಲಾಸ್ಟರ್ ಎಡಬ್ಲ್ಯುಇ ಥರದ ಕಾರ್ಡುಗಳ ಚಿಪ್ಪಿಗೆ ಮಿಡಿ ಭಾಷೆ ನೇರವಾಗಿ ಬರ್ತಿರಲಿಲ್ಲ. 'ಈ ಧ್ವನಿ ಶುರು ಮಾಡು, ಈ ಧ್ವನಿ ನಿಲ್ಲಿಸು' ಅಂದ್ರೆ ಮಾಡುತ್ತೆ. ಪೆಡಲ್ಲು, ವ್ಯಾಪ್ತಿ, ಹಳೇ ಸುದ್ದಿ ಎಲ್ಲ ಡ್ರೈವರೇ ನೆನಪಿಟ್ಕೊಂಡು ಅದಕ್ಕೆ ಬಿಡಿಸಿ ಹೇಳಬೇಕು. ಅದಕ್ಕೇ ಒಂದೊಂದು ಚಾನೆಲ್ಲಿಗೂ ಎರಡು ಪಟ್ಟಿ: ಕಂಟ್ರೋಲರುಗಳಿಗೆ 128 ಖಾನೆ, ಸ್ವರಗಳಿಗೆ 128 ಖಾನೆ. ಸುದ್ದಿ ಬಂದಾಗ ಆಯಾ ಖಾನೆಗೆ ಪೋಸ್ಟಿಂಗ್.

ಪೆಡಲ್ಲಿನ ಲೆಕ್ಕ ಅದರಲ್ಲಿ ಬಹಳ ಚೆನ್ನಾಗಿದೆ. 'ಬಿಟ್ಟೆ' ಸುದ್ದಿ ಬಂದ ಕೂಡಲೇ ಡ್ರೈವರ್ ಆ ಚಾನೆಲ್ಲಿನ ಪೆಡಲ್ ಖಾನೆ ನೋಡುತ್ತೆ. ಪೆಡಲ್ ಒತ್ತಿಲ್ಲ ಅಂದ್ರೆ ಸ್ವರ ನಿಲ್ಲಿಸುತ್ತೆ. ಒತ್ತಿದ್ರೆ ನಿಲ್ಲಿಸದೆ, ಸ್ವರದ ಖಾನೇಲಿ 'ಕೈ ಬಿಟ್ಟಾಗಿದೆ' ಅಂತ ಒಂದು ಗುರುತು ಹಾಕುತ್ತೆ. ಮುಂದೆ ಪೆಡಲ್ 63ಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದಾಗ 128 ಖಾನೆಯನ್ನೂ ಸಾಲಾಗಿ ನೋಡಿ, ಗುರುತು ಇರೋವನ್ನ ಮಾತ್ರ ನಿಲ್ಲಿಸುತ್ತೆ. ಬೆರಳು ಇನ್ನೂ ಒತ್ತೇ ಇರೋ ಸ್ವರ ಹಾಗೇ ನುಡೀತಿರುತ್ತೆ. ನಮ್ಮ ಬ್ಯಾಂಕ್ ರಿಕನ್ಸಿಲಿಯೇಷನ್ ನೆನಪಾಯ್ತಾ? ಚೆಕ್ ಕೊಟ್ಟಾಗಿದೆ, ಬ್ಯಾಂಕಲ್ಲಿ ಇನ್ನೂ ಪಾಸಾಗಿಲ್ಲ. ಕೊಟ್ಟಿಲ್ಲ ಅಂತ ಬರೆದ್ರೂ ತಪ್ಪು, ದುಡ್ಡು ಹೋಯ್ತು ಅಂತ ಬರೆದ್ರೂ ತಪ್ಪು. ಮೂರನೇ ಒಂದು ಗುರುತು ಬೇಕು.

ಓಪನಿಂಗ್ ಬ್ಯಾಲೆನ್ಸೂ ಅಲ್ಲೇ ಇದೆ: ಕಂಟ್ರೋಲರ್ ಖಾನೆಗಳನ್ನೆಲ್ಲ 0 ಮಾಡಿ, ವಾಲ್ಯೂಮ್ 127, ಎಕ್ಸ್‌ಪ್ರೆಶನ್ 127, ಪ್ಯಾನ್ ನಡುವೆ, ಅಂದ್ರೆ 64. ವಾಲ್ಯೂಮ್ 0 ಅಂತ ಶುರು ಮಾಡಿದ್ರೆ ಏನಾಗುತ್ತೆ ಯೋಚಿಸಿ. ಯಾವ ತಪ್ಪೂ ಇಲ್ಲದೆ, ಏನೂ ಕೇಳಿಸದೆ, ಎಲ್ಲರೂ ತಂತಿ ಅಲ್ಲಾಡಿಸ್ತಾ ಕೂರಬೇಕಿತ್ತು.

ಇಂಥ ಕೆಲಸ ಮಾಡಿದವರ ಹೆಸರು ಸಂಗೀತದ ಇತಿಹಾಸದಲ್ಲಿ ಯಾರೂ ಬರೆಯಲ್ಲ. ಕಾಕೆಹಾಶಿ, ಸ್ಮಿತ್‌ಗೆ ಗ್ರ್ಯಾಮಿ ಬಂತು, ಬರಬೇಕಾದ್ದೇ. ಖಾನೆ ತುಂಬಿಸೋ ಕಡತ ಬರೆದವರಿಗೆ ಕಡತದ ತಲೆಯಲ್ಲಿ ಒಂದು ಸಾಲು ಹೆಸರು. ಕಂಪನಿ ನಾಟಕದ ಪೋಸ್ಟರಲ್ಲೂ ಹಾಗೇ ಅಲ್ವಾ, ನಟರ ಹೆಸರು ದಪ್ಪ ಅಕ್ಷರದಲ್ಲಿ, ಮೇಷ್ಟ್ರ ಹೆಸರು ಎಲ್ಲೋ ಕೆಳಗೆ.

(8/8)

ಸುದ್ದಿ ಒಂದೇ ದಿಕ್ಕಿಗೆ ಹರಿಯೋದೇ ಮೂಲ ಸಮಸ್ಯೆ ಅಂತ ಇಷ್ಟು ಹೊತ್ತಿಗೆ ನಿಮಗೆ ಅನ್ನಿಸಿರಬೇಕು. ಹೇಳೋನು ಹೇಳ್ತಾನೆ, ಕೇಳೋನು ತಿರುಗಿ ಕೇಳೋ ಹಾಗಿಲ್ಲ. ಯುಎಸ್‌ಬಿ ತಂತಿ ಬಂದ ಮೇಲೆ ವೇಗ ಹೆಚ್ಚಿತು, ಐದು ಪಿನ್ನಿನ ಕಾಟ ತಪ್ಪಿತು, ಆದ್ರೆ ಭಾಷೆ ಅದೇ 1983ರದ್ದು. ಸ್ವರ ಒತ್ತಿರೋವಾಗ ಯುಎಸ್‌ಬಿ ಕಿತ್ತುಬಂದ್ರೆ 'ಬಿಟ್ಟೆ' ಹೇಳೋಕೆ ಆ ಕಡೆ ಯಾರೂ ಇರಲ್ಲ.

ಮಿಡಿ 2.0 ಒಪ್ಪಿಗೆ ಆಗಿದ್ದು 2020ರ ಜನವರೀಲಿ, ಮೊದಲನೇದು ಬಂದು 37 ವರ್ಷಕ್ಕೆ. ಕಂಟ್ರೋಲರಿನ ಬೆಲೆ 128 ಮೆಟ್ಟಿಲಿಂದ 32 ಬಿಟ್ಟಿಗೆ ಏರಿದೆ. ನಮಗೆ ಬೇಕಾದ ಬದಲಾವಣೆ ಅದಲ್ಲ, ಇನ್ನೊಂದು: ಎರಡೂ ಕಡೆ ಮಾತಾಡಬಹುದು. ಅದರ ಭಾಗವಾದ ಮಿಡಿ-ಸಿಐನ 2023ರ ಆವೃತ್ತೀಲಿ ಒಂದು ಯಂತ್ರ ಇನ್ನೊಂದನ್ನ 'ನಿನ್ನ ಕಂಟ್ರೋಲರುಗಳು ಈಗ ಎಲ್ಲೆಲ್ಲಿವೆ, ಯಾವ ಸ್ವರ ಒತ್ತಿದೆ, ಹೇಳು' ಅಂತ ಕೇಳೋ ವ್ಯವಸ್ಥೆ ಸೇರಿತು. ಪಾಸ್‌ಬುಕ್ ಎಂಟ್ರಿ ಹಾಕಿಸೋಕೆ ಅಂತೂ 40 ವರ್ಷ ಆದ ಮೇಲೆ ಕೌಂಟರ್ ತೆರೆದ್ರು. ಅದೇ ವರ್ಷ ಲಿನಕ್ಸಿನ 6.5ನೇ ಕರ್ನೆಲ್ಲಿಗೆ ಮಿಡಿ 2.0 ಸೇರಿಸಿದ್ದು ಯಾರು ಗೊತ್ತಾ? ಮೇಲೆ ಹೇಳಿದ್ನಲ್ಲ, ಅದೇ ತಕಾಶಿ ಇವಾಯಿ.

ನಮ್ಮ ಕಡೆ ಬಾಡಿಗೆಗೆ ಬರೋ ಕೀಬೋರ್ಡುಗಳು ಹಳೇ ಭಾಷೆಯವು. ಹಾಗಾಗಿ ಸದ್ಯಕ್ಕೆ ಡ್ರೈವರಿನ ಖಾನೆಗಳೇ ಗತಿ. ಲ್ಯಾಪ್‌ಟಾಪ್ ಇಟ್ಕೊಂಡು ಬಾರಿಸೋ ಗೆಳೆಯರು ಯಾರಾದ್ರೂ ಇದ್ರೆ ಈ ಕೊನೇ ಭಾಗ ಅವರಿಗೆ ಕಳಿಸಿ: ನಿಮ್ಮ ಸಾಫ್ಟ್‌ವೇರಲ್ಲಿ ಪ್ಯಾನಿಕ್ ಅಂತ ಒಂದು ಬಟನ್ ಇರುತ್ತೆ, ಅದು ಎಲ್ಲಿದೆ ಅಂತ ನಾಟಕ ಶುರುವಾಗೋ ಮೊದಲೇ ನೋಡ್ಕೊಳ್ಳಿ. ಪೆಡಲ್ ಸಿಕ್ಕಿಸೋದಾದ್ರೆ ಕೀಬೋರ್ಡ್ ಆನ್ ಮಾಡೋಕೆ ಮುಂಚೆ ಸಿಕ್ಕಿಸಿ, ಕಾಲು ಅದರ ಮೇಲಿಂದ ತೆಗೆದಿರಿ, ಎಷ್ಟೋ ಕೀಬೋರ್ಡುಗಳು ಆನ್ ಆಗೋವಾಗ ಪೆಡಲ್ ಹೇಗಿದೆಯೋ ಅದನ್ನೇ 'ಬಿಟ್ಟಿದೆ' ಅಂತ ತಗೋತವೆ. ಬೆಂಡಿನ ವ್ಯಾಪ್ತಿಯನ್ನ ಪದ್ಯ ಶುರುವಾಗೋ ಮೊದಲು ಪ್ರತಿ ಸಲ ಕಳಿಸೋ ಹಾಗೆ ಹಾಡಿನ ಫೈಲಿನ ತಲೆಯಲ್ಲೇ ಹಾಕಿಡಿ. ಕರೆಂಟು ಹೋಗಿ ಬಂದ್ರೆ ಮೇಷ್ಟ್ರು ಒಂದು ಆಲಾಪ ಎಳೆದು ಸಮಯ ಕೊಡ್ತಾರೆ, ಅಷ್ಟರಲ್ಲಿ ಒಂದು ಸಲ ಪ್ಯಾನಿಕ್ ಒತ್ತಿ, ಶ್ರುತಿ ಹಿಡಿದು ನೋಡಿ, ಆಮೇಲೆ ಸೇರ್ಕೊಳ್ಳಿ.

#ಗುಬ್ಬಿಕಂಪನಿ #ತುಮಕೂರು #ಕುಣಿಗಲ್ #ಹಾರ್ಮೋನಿಯಂ #ಮಿಡಿ #ಇತಿಹಾಸಸರಣಿ